ನಿಂತ ಗಾಡಿಯ ಮೈಲೇಜು

ಹನ್ನೊಂದು, ಚುಕ್ಕಿ, ಎಂಟು — ಸ್ಟೀರಿಂಗಿನ ಹಿಂದಿನ ಕಪ್ಪು ಗಾಜಿನಲ್ಲಿ ಅಂಕಿ ಬದಲಾಯಿತು, ಈಗತಾನೆ ಏಳಿದ್ದದ್ದು ಎಂಟಾಯಿತು, ನೋಡಿದ್ರಾ ದೊಡ್ಡಮ್ಮ, ಏರ್ತಾ ಇದೆ, ಗೌರಿಬಿದನೂರಲ್ಲಿ ಕಾರು ತಗೊಳ್ಳೋರ ಮನೆ ಸೇರೋ ಹೊತ್ತಿಗೆ ಲೀಟರಿಗೆ ಹನ್ನೆರಡು ಕಿಲೋಮೀಟರ್ ತೋರಿಸ್ದೆ ಇದ್ರೆ ನನ್ ಹೆಸ್ರು ರಮೇಶ್‌ಬಾಬು ಅಲ್ಲ, ಎಂದು ಮೈದುನನ ಮಗ ಸ್ಟೀರಿಂಗನ್ನು ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿದ, ಶ್ಯಾಮಲಮ್ಮನ ಕಣ್ಣಿಗೆ ಮಾತ್ರ ಅಂಕಿಗಿಂತ ಮೊದಲು ಬಿದ್ದದ್ದು ನಡುವಿನ ಚುಕ್ಕಿ, ಚುಕ್ಕಿ ಆದ್ಮೇಲೆ ಇರೋದು ಚಿಲ್ಲರೆ ಕಣಮ್ಮಾ, ಚಿಲ್ಲರೇನೂ ಲೆಕ್ಕಕ್ಕೆ ಬರುತ್ತೆ, ಎಂದು ಹೇಳಿಕೊಟ್ಟವಳು ಮಗಳು, ಆಗ ಆರನೇ ಕ್ಲಾಸು, ದೊಡ್ಡವರ ರಾತ್ರಿ ಶಾಲೆಗೆ ಅಮ್ಮನ ಜೊತೆ ತಾನೂ ಬಂದು ಪಕ್ಕದಲ್ಲಿ ಕೂತು, ಅಮ್ಮನ ಬಳಪದ ಕೈ ಹಿಡಿದು ತಿದ್ದಿಸಿದ ಹರಿತಾ — ಅಯ್ಯೋ, ಆ ಹೆಸರು, ಐದು ವರ್ಷದಿಂದ ಮನೆಯಲ್ಲಿ ಯಾರೂ ಬಾಯಿಗೆ ತಂದುಕೊಳ್ಳದ ಹೆಸರು, ತನ್ನ ಜೊತೆ ಪಾಠ ಹೇಳುವ, ನಮ್ಮ ಜನದವನಲ್ಲದ ಹುಡುಗನನ್ನು ಅವಳು ಮದುವೆಯಾದ ದಿನವೇ ಇವರು, ಅವಳ ಅಪ್ಪ, ಹೇಳಿಬಿಟ್ಟಿದ್ದರು, ನನ್ನ ಉಸಿರಿರೋ ತನಕ ಆ ಹೆಸರು ಈ ಹೊಸಲು ದಾಟಕೂಡದು, ಈಗ ಉಸಿರೂ ಇಲ್ಲ, ಇವರು ಹೋಗಿ ಮೂರು ತಿಂಗಳು, ಹೆಸರು ಮಾತ್ರ ಇನ್ನೂ ಹೊಸಲಿನ ಆಚೆಯೇ ನಿಂತಿದೆ, ಒಳಗೆ ಬಾ ಅನ್ನುವವರಿಲ್ಲ.

ಶಿಡ್ಲಘಟ್ಟ ದಾಟಿತು, ಹಿಪ್ಪುನೇರಳೆ ತೋಟ ಕಿಟಕಿಯ ಮಟ್ಟಕ್ಕೇ ಓಡುತ್ತಿದೆ, ಬಸ್ಸಿನಲ್ಲಾದರೆ ಸೊಪ್ಪಿನ ತಲೆ ಕಾಣುತ್ತದೆ, ಈ ಕಾರಿನಲ್ಲಿ ಬುಡ ಕಾಣುತ್ತದೆ, ಅಷ್ಟು ತಗ್ಗು, ಇದಕ್ಕೆ ಹತ್ತುವುದಲ್ಲ, ಇದರೊಳಕ್ಕೆ ಇಳಿಯುವುದು, ಮೊದಲು ಬೆನ್ನು ಹಾಕಿ ಕೂತು ಆಮೇಲೆ ಸೀರೆ ಸಮೇತ ಕಾಲು ಎಳೆದುಕೊಳ್ಳಬೇಕು, ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಕೆಂಚಾರ್ಲಹಳ್ಳಿಗೆ ಬಂದ ಮೊದಲ ಸ್ಪೋರ್ಟ್ಸ್ ಕಾರು, ಕಡೆಯದೂ ಅದೇ ಇರಬೇಕು, ರಸ್ತೆ ಬದಿಯ ಜಮೀನನ್ನು ಲೇಔಟಿನವರಿಗೆ ಮಾರಿದ ವರ್ಷ, ಬೆಂಗಳೂರಿನ ಯಾರೋ ಓಡಿಸಿ ಬಿಟ್ಟದ್ದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಪಕ್ಕದ ಮನೆಯ ಆವಲಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಏನಪ್ಪಾ ವೆಂಕಟರಾಮಪ್ಪ, ಇದಕ್ಕೆ ನೇಗಿಲು ಎಲ್ಲಿ ಕಟ್ಟೋದು, ಎಂದ, ಸೇರಿದವರೆಲ್ಲ ನಕ್ಕರು, ಇವರೂ ನಕ್ಕರು, ಅವಳು ಮಾತ್ರ ಕೇಳಿದಳು, ಯಾಕ್ರೀ ಎರಡೇ ಸೀಟು, ಮೂರನೆಯವರು ಬಂದ್ರೆ — ಇನ್ಯಾರೇ ಬರ್ತಾರೆ, ಎಂದರು, ಅಷ್ಟೇ, ಅವಳೂ ಮತ್ತೆ ಕೇಳಲಿಲ್ಲ, ಎರಡರಲ್ಲಿ ಒಂದಾದರೂ ತನ್ನದಲ್ಲವಾ ಎಂದುಕೊಂಡಿದ್ದಳು, ಎಲ್ಲಿ ಬಂತು, ಶುಕ್ರವಾರ ಬೆಳಗಿನ ಊಟ ಮುಗಿಯಿತೆಂದರೆ ಬೀಗದ ಕೈ ತಗೊಂಡು, ಗಾಡಿ ನಿಂತೇ ಇದ್ರೆ ಬ್ಯಾಟರಿ ಕೂತ್ಕಂಡು ಹೋಗ್ತದೆ ಕಣೇ, ಒಂದು ರೌಂಡು ಓಡಿಸ್ಕಂಡು ಬರ್ತೀನಿ, ನಾನೂ ಬರ್ಲಾ, ಬೇಡ, ನಿನ್ ಸೊಂಟಕ್ಕಾಗಲ್ಲ, ಮತ್ತೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ವಾಪಸ್ಸು, ಬಂದು ನಿಂತ ಕಾರಿನ ಹೊಟ್ಟೆಯಿಂದ ತೊಟ್, ತೊಟ್, ನೀರು ಅವಳ ರಂಗೋಲಿಯ ಮೇಲೇ ಬೀಳುವುದು, ಎಳೆಯೆಲ್ಲ ಕಲಸಿಹೋಗುವುದು, ಗಾಡಿ ಸೋರ್ತಾ ಇದೆ ಕಣ್ರೀ, ರಿಪೇರಿ ಮಾಡ್ಸಿ, — ಸೋರೋದಲ್ವೇ ಅದು, ಎಸಿ ನೀರು, ಒಳಗೆ ತಣ್ಣಗಾದಷ್ಟೂ ಹೊರಗೆ ಹನಿ ಬೀಳ್ತದೆ, ಎಂದು ಕೈಕಾಲು ತೊಳೆಯಲು ಹೋಗುವರು, ಅವಳು ಮರುದಿನ ಗುಡಿಸುವಾಗ ಆ ಒದ್ದೆ ಗುರುತಿನ ಸುತ್ತ ಇರುವೆ ಸಾಲು ನೋಡುತ್ತ ನಿಲ್ಲುವಳು, ಎಷ್ಟು ಕೊಡ್ತದೋ ಇದು ಎಂದು ಆವಲಪ್ಪ ಕೇಳಿದರೆ ಎಂಟು ಎನ್ನುತ್ತಿದ್ದರು, ಕಂಪನಿಯವನು ಹದಿನಾಲ್ಕು ಅಂತ ಹಾಕವ್ನೆ, ನಿಂದು ಎಂಟಾ, ಕುಡುಕನ್ನ ಕಟ್ಕಂಡಿದ್ದೀಯ ಬಿಡಪ್ಪಾ, ಹೂಂ ಕಣೋ, ಕುಡೀಲಿ ಪೋನೀ, ಹೋಗ್ಲಿ ಬಿಡು, ಏನ್ಮಾಡೋದು.

ಹಂಪ್ ಬಂತು, ರಮೇಶ ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಿ ಇಳಿಸಿದ, ಆದರೂ ಹೊಟ್ಟೆ ಗರ್ ಎಂದು ಉಜ್ಜಿತು, ಚಿಕ್ಕಬಳ್ಳಾಪುರದ ಪೇಟೆಯೊಳಗೆ ಹೊಕ್ಕರೆ ಅಂಕಿ ಇಳಿಯತೊಡಗಿತು, ಅವನ ಮುಖವೂ ಇಳಿಯಿತು, ಊರೊಳಗೆ ಬರೀ ಒಂದನೇ ಗೇರು ಎರಡನೇ ಗೇರು, ಸಿಗ್ನಲ್ಲು, ಆಟೋ, ಹಸು, ಇವೆಲ್ಲ ಕಂಪನಿಯವ್ನ ಲೆಕ್ಕದಲ್ಲಿ ಬರಲ್ಲ ದೊಡ್ಡಮ್ಮ, ಅವ್ನು ಹಸು ಇಲ್ದಿರೋ ಊರಲ್ಲಿ ಓಡಿಸಿ ನೋಡಿರ್ತಾನೆ, ನಿಜವಾದ ಮೈಲೇಜು ಅಂದ್ರೆ ನಮ್ಮ ರೋಡಲ್ಲಿ ನಮ್ಮ ಕಾಲಲ್ಲಿ ಬರೋದು, ಟೈರಿಗೆ ಗಾಳಿ ಸರಿಯಾಗಿರ್ಬೇಕು, ಬ್ರೇಕ್ ತುಳಿಯೋ ಮುಂಚೇನೇ ಕಾಲು ಎತ್ಬೇಕು, ದೊಡ್ಡಪ್ಪ ಯದ್ವಾತದ್ವಾ ತುಳೀತಿದ್ರು ಅನ್ಸುತ್ತೆ, ಅದಕ್ಕೇ ಎಂಟು — ಇಲ್ಲಪ್ಪ, ಎಂದಳು ಶ್ಯಾಮಲಮ್ಮ, ಅವರು ತುಳಿಯೋರಲ್ಲ, ಅದು ಟ್ರ್ಯಾಕ್ಟರ್ ಓಡಿಸಿದ ಕಾಲು, ಒಂದೇ ಒಂದು ಸಲ ಕೈವಾರಕ್ಕೆ ನನ್ನ ಕೂರಿಸ್ಕಂಡು ಹೋದ್ರಲ್ಲ, ಹಾಲಿನ ಟೆಂಪೋದವನು ಹಾರನ್ ಹೊಡ್ಕಂಡು ನಮ್ಮನ್ನ ದಾಟ್ಕಂಡು ಹೋದ, ಹಿಂದಿನಿಂದ ಕೈ ಬೇರೆ ಬೀಸಿದ, — ಹೌದಾ, ರಮೇಶ ಯೋಚನೆಗೆ ಬಿದ್ದ, ಊರು ದಾಟಿ ಮಂಚೇನಹಳ್ಳಿಯ ದಾರಿ ಹಿಡಿದರೂ ಅವನ ಯೋಚನೆ ಮುಗಿಯಲಿಲ್ಲ, ಹಂಗಾದ್ರೆ ಎಂಟು ಹೆಂಗೆ ಬರ್ತದೆ ದೊಡ್ಡಮ್ಮ, ನಿಧಾನಕ್ಕೆ ಹೋದ್ರೆ ಹನ್ನೊಂದಕ್ಕೆ ಕಮ್ಮಿ ಇಲ್ಲ, ಗಾಡೀಲಿ ದೋಷ ಇಲ್ಲ, ನಾನೇ ಎಲ್ಲಾ ನೋಡ್ಸಿದ್ದೀನಿ — ಒಂದೇ ದಾರಿ, ನಿಲ್ಲಿಸ್ಕಂಡು ಕೂತಿರ್ಬೇಕು, ಇಂಜಿನ್ ಆನು, ಎಸಿ ಆನು, ಚಕ್ರ ತಿರುಗಲ್ಲ, ಕಿಲೋಮೀಟರ್ ಸೊನ್ನೆ, ಪೆಟ್ರೋಲ್ ಮಾತ್ರ ಹೋಗ್ತಾನೇ ಇರ್ತದೆ, ಅದೂ ಗಂಟೆಗಟ್ಲೆ, ಎಲ್ಲಿ ನಿಲ್ಲಿಸ್ಕಂಡು ಕೂತಿರ್ತಿದ್ರು ದೊಡ್ಡಪ್ಪ, ಎಂದು ನಕ್ಕ, ಗೊತ್ತಿಲ್ಲದೆ ನಕ್ಕ.

ಎಲ್ಲಿ, ಎಲ್ಲಿ ನಿಲ್ಲಿಸುತ್ತಿದ್ದರು, ನಿಂತರೆ ಬ್ಯಾಟರಿ ಹೋಗುತ್ತದೆಂದು ಹೊರಟವರು — ಯಾವಳಾದರೂ, ಛೇ, ಹೋದವರ ಬಗ್ಗೆ ಇದೆಂಥ ಮಾತು, ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆಯ, ಬೆನ್ನು ಉಜ್ಜಿಕೊಳ್ಳಲೂ ತನ್ನನ್ನು ಕರೆಯುತ್ತಿದ್ದ ಮನುಷ್ಯ, ರಸ್ತೆ ಬದಿಯ ಬುಟ್ಟಿಗಳಲ್ಲಿ ಕಪ್ಪು ದ್ರಾಕ್ಷಿ, ಬೆಳ್ಳಗೆ ಬೂದಿ ಹಚ್ಚಿದಂತಿದೆ, ಹರಿತಾಗೆ ದ್ರಾಕ್ಷಿ ಅಂದರೆ, ಚಿಕ್ಕವಳಿದ್ದಾಗ ಸಿಪ್ಪೆ ಸುಲಿದು ಕಣ್ಣಿನ ಗುಡ್ಡೆ ನೋಡಮ್ಮಾ ಎಂದು ಹೆದರಿಸುತ್ತಿದ್ದಳು, ಈ ದ್ರಾಕ್ಷಿಯ ವಾಸನೆ, ಹೌದಲ್ಲ, ಕಾರಿನೊಳಗೆ ಈ ವಾಸನೆ ಇರುತ್ತಿತ್ತು, ಶನಿವಾರ ಒಳಗೆ ಒರೆಸುವಾಗ ಸೀಟಿನ ಸಂದಿಯಲ್ಲಿ ಒಣಗಿದ ತೊಟ್ಟು ಸಿಗುತ್ತಿತ್ತು, ಮನೆಗೆ ಮಾತ್ರ ಒಂದು ಗೊಂಚಲೂ ಬರುತ್ತಿರಲಿಲ್ಲ, ಸಕ್ಕರೆ ಕಾಯಿಲೆಯವರು ಕದ್ದು ತಿನ್ನುತ್ತಾರೆ ಎಂದು ಬೈದಿದ್ದಳು, ಇವರು ಬೈಸಿಕೊಂಡಿದ್ದರು, ಚಿಂತಾಮಣಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಇಟ್ಟುಕೊಂಡು ಮಲಗಿದಾಗ, ಇವತ್ತು ಯಾವ ವಾರಾನೇ, ಎಂದರು, ಬುಧವಾರ ಕಣ್ರೀ, ಎಂದಳು, ಇನ್ನೂ ಬುಧವಾರಾನಾ, ಎಂದು ಕಣ್ಣು ಮುಚ್ಚಿದರು, ದೇವರ ವಾರ ಕೇಳುತ್ತಿದ್ದಾರೆ ಎಂದುಕೊಂಡಳು, ಶುಕ್ರವಾರ ಬರಲಿಲ್ಲ ಅವರಿಗೆ, ಗುರುವಾರವೇ ಅಂಗಳದಲ್ಲಿ ಮಲಗಿಸಿ ಎಲ್ಲರೂ ಸೇರಿದ್ದಾಗ ನಾದಿನಿ ವೆಂಕಟರತ್ನಮ್ಮ ಮಾತ್ರ ಕಿವಿಯ ಹತ್ತಿರ ಬಂದು, ಅತ್ತಿಗೆ, ಹುಡುಗಿಗೆ ಹೇಳಿ ಕಳ್ಸಣವಾ, ಗೌರಿಬಿದನೂರು ಹೈಸ್ಕೂಲಲ್ಲೇ ಟೀಚರಂತೆ, ಎಂದಳು, ಮೈದುನನಿಗೆ ಕೇಳಿಬಿಟ್ಟಿತು, ಅಣ್ಣನ ಮಾತು ಅಂದ್ರೆ ಮಾತು, ಹೋದ ದಿನಾನೇ ಅದನ್ನ ಮುರಿಯೋದಾ, ಎಲ್ಲರೂ ಶ್ಯಾಮಲಮ್ಮನ ಮುಖ ನೋಡಿದರು, ಅವಳು ನೆಲ ನೋಡಿದಳು, ಹಾಗೇ ಎತ್ತಿಕೊಂಡು ಹೋದರು, ಮಗಳಿಗೆ ಗೊತ್ತೋ ಇಲ್ಲವೋ, ಇವತ್ತಿಗೂ ತಿಳಿಯದು — ರಮೇಶ, ಎಂದಳು, ಇವತ್ತು ಶುಕ್ರವಾರ ಅಲ್ವೇನಪ್ಪ, ಹೌದು ದೊಡ್ಡಮ್ಮ, ಕಾರು ತಗೊಳ್ಳೋರು ಶುಕ್ರವಾರಾನೇ ಬೇಕು, ಲಕ್ಷ್ಮಿ ವಾರ ಅಂದ್ರು, ನಿಮ್ಮ ಒಂದು ಸೈನಾದ್ರೆ ಮುಗೀತು, — ಅವರ ಮನೆಗೆ ಆಮೇಲೆ ಹೋಗಣ, ಮೊದ್ಲು ಆ ಹೈಸ್ಕೂಲ್ ರಸ್ತೆ ಮೇಲೆ ಒಂದು ಸಲ ಹೋಗಪ್ಪ, ಅವನು ತಿರುಗಿ ಅವಳನ್ನು ನೋಡಿ ಗೇರು ಬದಲಿಸಿದ.

ಗೇಟಿನ ಎದುರಿಗೆ ಒಂದು ಹೊಂಗೆ ಮರ, ಮರದಡಿ ಟೀ ಗಾಡಿ, ಇಲ್ಲೇ ನಿಲ್ಲಿಸು, ನೋಡಿ ದೊಡ್ಡಮ್ಮ, ಹನ್ನೆರಡು ಚುಕ್ಕಿ ಸೊನ್ನೆ, ಹೇಳ್ಲಿಲ್ವಾ ನಾನು, ಫೋಟೋ ತೆಗೆದು ಕಾರು ತಗೊಳ್ಳೋರಿಗೆ ಕಳಿಸ್ತೀನಿ, ಆಫ್ ಮಾಡ್ಲಾ, — ಇರ್ಲಿ ಬಿಡು, ಸೆಕೆ, ಎಂದಳು, ಅವನು ಫೋನು ಹಿಡಿದು ಇಳಿದು ಮೂಲೆಯ ಕಡೆ ನಡೆದ, ಇಂಜಿನ್ನು ಬೆಕ್ಕಿನ ಹಾಗೆ ಗುರುಗುಡುತ್ತಿದೆ, ಒಳಗೆ ತಣ್ಣಗಿದೆ, ಆಗಲೇ ಟೀ ಗಾಡಿಯ ಹೆಂಗಸು ಯಾರೂ ಹೇಳದೆ ಒಂದು ಲೋಟ ತುಂಬಿಸಿ, ಸೆರಗಿನಲ್ಲಿ ಲೋಟದ ತಳ ಒರೆಸುತ್ತ ಡ್ರೈವರ್ ಕಡೆಯ ಕಿಟಕಿಗೆ ನೇರ ಬಂದು ಗಾಜು ತಟ್ಟಿದಳು, ಸ್ವಾಮೀ, ಏನ್ ಸ್ವಾಮೀ, ಮೂರು ತಿಂಗಳು ನಮ್ಮನ್ನೆಲ್ಲ ಮರೆತೇಬಿಟ್ರಾ — ಬಗ್ಗಿ ನೋಡಿದಳು, ಖಾಲಿ ಸೀಟು, ಸುತ್ತಿ ಬಂದು ಈ ಕಡೆ ನಿಂತಳು, ಶ್ಯಾಮಲಮ್ಮ ಗುಂಡಿ ಹುಡುಕಿ ಗಾಜು ಇಳಿಸಿದಳು, ಏಮಮ್ಮಾ, ನೀವು ಯಾರು, ಯಜಮಾನ್ರು ಎಲ್ಲಿ, — ನಾನು ಅವರ ಮನೆಯೋಳು ಕಣಮ್ಮ, — ಅಯ್ಯೋ ದೇವುಡಾ, ಕಡೇಗೂ ಕರ್ಕಂಡು ಬಂದ್ರಾ ನಿಮ್ಮನ್ನ, ನಾನು ಮುನಿಶಾಮಮ್ಮ, ಎಷ್ಟು ಬೈದಿದ್ದೀನಿ ಗೊತ್ತಾ ಅವರಿಗೆ, ಪ್ರತೀ ಶುಕ್ರವಾರ ಇಲ್ಲೇ, ಇದೇ ಜಾಗದಲ್ಲಿ, ಮಧ್ಯಾಹ್ನ ಬಂದ್ರೆ ಸ್ಕೂಲು ಬಿಡೋ ತನಕ, ಇಂಜಿನ್ ಆಫ್ ಮಾಡಲ್ಲ, ಇಳಿಯಲ್ಲ, ಟೀಚರಮ್ಮ ಗೇಟಿಂದ ಹೊರಗೆ ಬಂದ ತಕ್ಷಣ ಬುರ್ರಂತ ಹೊರಟೇಬಿಡೋರು, ಪಕ್ಕದ ಸೀಟಲ್ಲಿ ದ್ರಾಕ್ಷಿ, ಅದಿಲ್ದಿದ್ರೆ ಸೀಬೆಹಣ್ಣು, ನೀನೇ ಇಟ್ಕೋ ಅಂತ ಕೊಟ್ಟು ಹೋಗೋರು, ನಿಮ್ಮ ಯಜಮಾನ್ರ ಹಣ್ಣು ತಿಂದೇ ನನ್ನ ಮೊಮ್ಮಕ್ಕಳು ದಪ್ಪ ಆಗಿದ್ದು, ತಗಳಿ ಟೀ, ಸಕ್ಕರೆ ಹಾಕಿಲ್ಲ, — ಸಕ್ಕರೆ ಹಾಕಬಾರದು ಅಂತ ಅವರೇ ಹೇಳಿದ್ರಾ, — ಅವರೆಲ್ಲಿ ಹೇಳ್ತಾರೆ, ಎಂದು ಮುನಿಶಾಮಮ್ಮ ದನಿ ತಗ್ಗಿಸಿದಳು, ಟೀಚರಮ್ಮಾನೇ ಹೇಳಿದ್ದು, ನಮ್ಮಪ್ಪನಿಗೆ ಶುಗರ್ ಇದೆ, ನಾನು ಹೇಳ್ದೆ ಅನ್ಬೇಡ ಅಂತ, ಗೊತ್ತಮ್ಮಾ ಅವರಿಗೆ, ಮೊದಲ್ನೇ ತಿಂಗಳಿಂದಾನೂ ಗೊತ್ತು, ನೀವೇ ಹೋಗಿ ಮಾತಾಡ್ಸಿ ತಾಯೀ ಅಂದ್ರೆ, ಇಂಜಿನ್ ಆಫ್ ಮಾಡ್ಲಿ ಮುನಿಶಾಮಮ್ಮ, ಆನ್ ಇದ್ರೆ ನಾನು ಹತ್ರ ಹೋಗೋಷ್ಟರಲ್ಲಿ ಹೊರಟು ಹೋಗ್ತಾರೆ, ಆಫ್ ಮಾಡಿದ ದಿನ ನಾನೇ ಹೋಗಿ ಬಾಗಿಲು ತೆಗೀತೀನಿ ಅಂತಾರೆ, ಅಪ್ಪನೂ ಅಂಥೋರೇ ಮಗಳೂ ಅಂಥೋಳೇ, ಈಗ ಮೂರು ತಿಂಗಳಿಂದ ದಿನಾ ಕೇಳ್ತಾರೆ, ಕೆಂಪು ಕಾರು ಬಂದಿತ್ತಾ — ಟೀ ಗಾಡಿಯ ಹತ್ತಿರ ಯಾರೋ ಟೀ ಕೇಳಿದರು, ಬಂದೆ ಇರಣ್ಣಾ, ಎಂದು ಅವಳು ಓಡಿದಳು.

ಲೋಟ ಕೈಯಲ್ಲಿ ಸುಡುತ್ತಿದೆ, ಎಲ್ಲಿಡಬೇಕೋ ತಿಳಿಯದೆ ಬಾಗಿಲು ತೆರೆದು ನೆಲಕ್ಕಿಟ್ಟಳು, ನೆಲ ಇಷ್ಟು ಹತ್ತಿರ, ಕೈಗೆ ಒರಟಾಗಿ ಏನೋ ತಾಗಿತು, ಬೀದಿಯೆಲ್ಲ ಬರೀ ದೂಳು, ಕಾರಿನ ಹೊಟ್ಟೆಯಡಿಗೆ ಮಾತ್ರ ಒಂದು ಮೊರದಗಲ ಗರಿಕೆ, ಯಾರು ನೀರು ಹಾಕಿದರು ಇದಕ್ಕೆ, ಶುಕ್ರವಾರ ಶುಕ್ರವಾರ ಹನಿ ಹನಿಯಾಗಿ, ಈಗ ಹಳದಿಯಾಗಿ ಒಣಗಿ ಮಲಗಿದೆ, ತೊಟ್, ಅದರ ಮೇಲೆ ಒಂದು ಹನಿ, ಐದು ವರ್ಷ, ನಾನು ಒಲೆ ಮುಂದೆ ಅವಳ ಹೆಸರು ನುಂಗಿಕೊಂಡು ಕೂತಿದ್ದೆನಲ್ಲ, ಇವರಿಗೆ ಕೇಳಿಸೀತೆಂದು ಅತ್ತರೂ ಸದ್ದಿಲ್ಲದೆ ಅತ್ತೆನಲ್ಲ, ಇವರು ಇಲ್ಲಿ, ಪಕ್ಕದ ಸೀಟಿನಲ್ಲಿ ಹಣ್ಣು ಕೂರಿಸಿಕೊಂಡು, ನನ್ನ ಸೀಟಿನಲ್ಲಿ, ನನ್ನನ್ನು ಕೂರಿಸಿಕೊಂಡಿದ್ದರೆ ನಾನು ಇಳಿಯುತ್ತಿದ್ದೆನಲ್ಲ ರೀ, ಸೊಂಟ ಮುರಿದರೂ ಇಳಿಯುತ್ತಿದ್ದೆನಲ್ಲ — ಅಯ್ಯೋ, ಹನ್ನೊಂದು ಚುಕ್ಕಿ ಐದಕ್ಕೆ ಇಳಿದುಬಿಡ್ತು, ಎಂದು ರಮೇಶ ಬಂದು ಕೂತು ಗಾಜು ಏರಿಸಿದ, ಅವಳು ಬಾಗಿಲು ಎಳೆದುಕೊಂಡಳು, ನಿಂತ್ಕಂಡೇ ಕುಡೀತಾ ಇದೆ, ಅವರು ಬೇರೆ ಬಂದು ಮೀಟರ್ ನೋಡ್ತೀನಿ ಅಂದವ್ರೆ, ಗೇಟಿನ ಒಳಗೆ ಗಂಟೆ ಬಾರಿಸಿತು, ನೀಲಿ ಬಟ್ಟೆಯ ಮಕ್ಕಳು ಸುರಿದಂತೆ ಹೊರಬಂದರು, ಅವರ ಹಿಂದೆ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಕಿವಿಯ ಹತ್ತಿರ ಎರಡು ಬಿಳಿ ಕೂದಲು, ಇಷ್ಟು ಬೇಗ ಬಿಳಿಯಾಯಿತೇನೇ, ಅವಳು ಗೇಟಿನಲ್ಲೇ ನಿಂತುಬಿಟ್ಟಳು, ಕಾರನ್ನು ನೋಡಿದಳು, ಕೊಡೆ ಕೈ ಬದಲಾಯಿತು, ಈಗ ಹೊರಟುಬಿಡುತ್ತದೆ ಎಂದು ಕಾಯುವವಳ ಹಾಗೆ ನಿಂತಳು, ಕಪ್ಪು ಗಾಜು, ಒಳಗೆ ಯಾರೆಂದು ಅವಳಿಗೆ ಕಾಣದು, ಹನ್ನೊಂದು ಚುಕ್ಕಿ ನಾಲ್ಕು, ಇನ್ನು ನನ್ ಕೈಲಾಗಲ್ಲ ದೊಡ್ಡಮ್ಮ, ಎಂದು ರಮೇಶ ಇಂಜಿನ್ನಿನ ಗುಂಡಿಗೆ ಕೈ ಹಾಕಿದ, ಬೇಡ, ಬೇಡ ಕಣಪ್ಪ — ಒತ್ತಿಬಿಟ್ಟ, ಗುರುಗುಡುವುದು ನಿಂತಿತು, ಬೀದಿಯಲ್ಲಿ ಎಷ್ಟು ಸದ್ದಿದ್ದರೂ ಅದು ನಿಂತದ್ದು ಗೇಟಿನಲ್ಲಿದ್ದ ಅವಳಿಗೆ ಕೇಳಿಸಿತು, ಮುಖ ಅರಳಿತು, ಹಾಗೆ ಅರಳಿದ ಮುಖವನ್ನು ರಾತ್ರಿ ಶಾಲೆಯಲ್ಲಿ ನೋಡಿದ್ದು, ಅಮ್ಮ ಮೊದಲ ಸಲ ತನ್ನ ಹೆಸರು ತಾನೇ ಬರೆದಾಗ, ಆ ಕಡೆ ಈ ಕಡೆ ನೋಡದೆ ರಸ್ತೆಗೆ ಕಾಲಿಟ್ಟಳು, ಅಪ್ಪನ ಬಾಗಿಲಿನ ಕಡೆಗೆ, ಹತ್ತು ಹೆಜ್ಜೆಯೂ ಇಲ್ಲ, ಏನು ಹೇಳಲಿ, ಯಾವುದು ಮೊದಲು, ನಿಮ್ಮಪ್ಪ ಬಂದಿದ್ರು ಅನ್ನಲೋ, ನಿಮ್ಮಪ್ಪ ಇಲ್ಲ ಅನ್ನಲೋ, ಕೈ ಬಾಗಿಲಿನ ಹಿಡಿಯ ಮೇಲಿದೆ, ಇಳಿಯಬೇಕು, ಅವಳು ಆ ಬಾಗಿಲು ತೆಗೆಯುವ ಮೊದಲು ಇಳಿಯಬೇಕು, ಕಾರು ಸದ್ದಿಲ್ಲ, ಒಳಗೆ ತಣ್ಣಗಾದಷ್ಟೂ — ತೊಟ್ — ಒಣಗಿದ ಗರಿಕೆಯ ಮೇಲೆ — ತೊಟ್ — ಹನಿ.