ಎರಡೂ ಎಡಗೈ

ಬಸ್ಸಿನ ನೆರಳು ಎದುರಂಗಡಿಯ ಗಾಜಿನ ಮೇಲೆ ಹರಿದುಹೋಯಿತು, ಗಾಜಿನ ಹಿಂದೆ ಹೊಲಿಗೆಗೆ ಬಗ್ಗಿದ ಗುಂಡುಸೂಜಿಯ ತಲೆ, ಹೊಲಿಗೆ ಕಲಿಯುವ ಕಾಲದಿಂದಲೂ ಬಾಯಿತುಂಬ ಪಿನ್ನು ಕಚ್ಚಿಕೊಂಡೇ ಮಾತಾಡುವ ಗೆಳತಿಗೆ ಇವಳೇ ಇಟ್ಟ ಹೆಸರು, ಕರೆಯಲೇ, ಬೇಡ, ಇತ್ತ ತನ್ನ ಮೇಜಿನ ಮೇಲೆ ಕಡುನೀಲಿ ಕೋಟಿನ ಎರಡು ತೋಳು, ಎರಡೂ ಎಡಗೈಯವೇ, ಒಂದೇ ಕಡೆಗೆ ಬಾಗಿಕೊಂಡು ಮಲಗಿವೆ — ಬಟ್ಟೆಯ ಮೈ ತಿರುಗಿಸದೆ ಎರಡು ಸಲವೂ ಅದೇ ಮಗ್ಗುಲಲ್ಲಿ ಕತ್ತರಿಸಿದ್ದಳು, ಹೊಲಿದು ಕೋಟಿಗೆ ಕೂಡಿಸುವಾಗಲೇ ಕಂಡದ್ದು, ಸ್ವಂತ ಅಂಗಡಿಯ ಮೊದಲ ಕೋಟಿನಲ್ಲೇ ಆಗಬೇಕಿತ್ತೇ, ನಾಳೆ ಮದುಮಗ ಬರುತ್ತಾನೆ, ಬಲಗೈ ಮನೆಯಲ್ಲಿಟ್ಟು ಬಾರಪ್ಪ ಎನ್ನಲಾದೀತೇ. ಕಾಜಾ ಹಾಕುತ್ತಲೇ ಅತ್ತಿಗೆ, ಅವಳ ಹತ್ರ ಮಾತ್ರ ಹೋಗ್ಬೇಡ ಕಣೇ, ಎದುರಂಗಡಿಯವಳು, ಕಷ್ಟ ಹೇಳ್ಕೊಂಡ್ರೆ ಆಡ್ಕೋತಾರೆ, ಸುಖ ಹೇಳ್ಕೊಂಡ್ರೆ ಕಣ್ಣು ಹಾಕ್ತಾರೆ, ಬಾಯ್ಮುಚ್ಕೊಂಡಿರು. ಬಾಯಿ ಮುಚ್ಚಿಕೊಂಡು ಯಾರು ಉದ್ಧಾರವಾಗಿದ್ದಾರೆ, ಕೂಸು ಹೊಟ್ಟೆಯಲ್ಲೇ ಹೋದಾಗಲೂ ಮನೆಯವರು ಇದನ್ನೇ ಹೇಳಿದ್ದರು, ಆಗಿದ್ದಾಯ್ತು, ಹೊರಗೆ ಹೇಳ್ಬೇಡ, ಹೇಳಿದ್ದು ಗುಂಡುಸೂಜಿಯೊಬ್ಬಳಿಗೇ, ಅವಳು ಸಮಾಧಾನದ ಮಾತಾಡಲಿಲ್ಲ, ಬಾಯಿಂದ ಪಿನ್ನು ಒಂದೊಂದೇ ತೆಗೆದಿಟ್ಟು, ಪಕ್ಕದಲ್ಲಿ ಕೂತು ಅತ್ತಳು — ಅವಳು ಪಿನ್ನು ತೆಗೆಯುವುದೇ ಅಳುವಾಗ, ಇಲ್ಲವೇ ನಗುವಾಗ, ಈ ಅಂಗಡಿ ತೆರೆದ ದಿನ ತನ್ನ ಗಿರಾಕಿಗಳು ಇತ್ತ ಬರುತ್ತಾರೆಂದು ಗೊತ್ತಿದ್ದೂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದಳು. ಅದು ಕಣ್ಣು ಹಾಕುವುದಾದರೆ ಹಾಕಲಿ, ದಿನಾ ಹಾಕಲಿ.

ತೋಳುಗಳನ್ನು ಚೀಲಕ್ಕೆ ತುರುಕಿದಳು, ಮತ್ತೆ ಹೊರಗೆಳೆದಳು, ಕಳ್ಳಮಾಲೇನು ಇದು, ಕೈಯಲ್ಲೇ ಹಿಡಿದು ರಸ್ತೆಗಿಳಿದಳು, ಹಿಂದಿನಿಂದ ಅತ್ತಿಗೆ, ಬೀದಿಯವ್ರೆಲ್ಲ ನೋಡ್ತಾರೆ ಕಣೇ, ನೋಡಲಿ, ಸ್ಕೂಟರಿನವನು ಹಾರನ್ ಹೊಡೆಯಲಿ, ಬೇಕಿದ್ದರೆ ಡಂಗುರ ಸಾರಲಿ, ತಪ್ಪು ನನ್ನದು, ಗೆಳತಿಯೂ ನನ್ನವಳು. ಗಾಜಿನ ಬಾಗಿಲು, ಕುರ್ಚಿಯಲ್ಲಿ ಅಳತೆಗೆ ಕಾಯುತ್ತಿರುವ ಇಬ್ಬರು, ಪಿನ್ನುಗಳ ಸಂದಿಯಿಂದ ಏನೇ ಅದು, ಎರಡೂ ಎಡಗೈ ಕಣೇ, ಬಟ್ಟೇನೂ ಮುಗಿದಿದೆ, ನಾಳೆ ಕೊಡ್ಬೇಕು, ದನಿ ತಗ್ಗಿಸಲಿಲ್ಲ, ಕಾಯುತ್ತಿದ್ದವರು ತಲೆಯೆತ್ತಿದರು, ಎತ್ತಲಿ. ಅವಳು ತೋಳುಗಳನ್ನು ನೋಡಿದಳು, ಇವಳ ಮುಖ ನೋಡಿದಳು, ಒಂದು ಪಿನ್ನು ತೆಗೆದಳು, ಇನ್ನೊಂದು, ಅಳುತ್ತಾಳೋ ನಗುತ್ತಾಳೋ, ಮತ್ತೊಂದು, ಬಾಯಿ ಖಾಲಿ — ಒಂದು ತೋಳನ್ನೆತ್ತಿ ತನ್ನ ಎಡಗೈಗೆ ತೊಟ್ಟಳು, ಇನ್ನೊಂದು ನೀನು ಹಾಕ್ಕೊಳೇ, ಬಟ್ಟೆ ಊರೆಲ್ಲ ಸುತ್ತಿಯಾದ್ರೂ ತರೋಣ, ರಾತ್ರಿ ಇಬ್ರೂ ಕೂತು ಹೊಲಿಯೋಣ, ಮೊದ್ಲು ಹಾಕ್ಕೋ, ಹಾಕಿಕೊಂಡಳು, ನಗು ತಡೆಯಲಾಗದೆ ಕಣ್ಣಲ್ಲಿ ನೀರು, ನಿಲುವುಗನ್ನಡಿಯಲ್ಲಿ ಇಬ್ಬರು, ಕಡುನೀಲಿ ತೋಳು ಎರಡು, ಎರಡೂ ಎಡಗೈ, ಒಂದೇ ಕಡೆಗೆ ಬಾಗಿ —