ಕೆಂಪು ಶಾಯಿಯ ಪಟ್ಟಿ

ವಿದ್ಯುತ್ ಕಚೇರಿಯಲ್ಲಿ ನನ್ನದು ಫೋನಿನ ಮೇಜು. ಉಸಿರಾಟದ ಯಂತ್ರವಿರುವ ಮನೆಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಲೈನ್ ಆಫ್ ಮಾಡುವ ಮುಂಚೆ ಅವರಿಗೆ ಫೋನ್ ಮಾಡಿ, ಆಕ್ಸಿಜನ್ ಸಿಲಿಂಡರ್ ಹಾಕಿಕೊಂಡೆವು ಅಂದಮೇಲೆಯೇ ಲೈನ್‌ಮನ್‌ಗೆ ಹೂಂ ಅನ್ನುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಆ ಪಟ್ಟಿಯಲ್ಲಿ ನಮ್ಮಮ್ಮನೂ ಇದ್ದಳು.

ಆಮೇಲೆ ದೇಶದಲ್ಲಿ ಕರೆಂಟು ಮಾರುವುದಕ್ಕೂ ಪೈಪೋಟಿ ಬಂತು. ಯಾರು ಯಾವ ಕಂಪನಿಯಿಂದ ಬೇಕಾದರೂ ಕೊಳ್ಳಬಹುದು, ತಂತಿ ಮಾತ್ರ ನಮ್ಮದು. ಬಿಟ್ಟುಹೋದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಕು, ಲೈನ್ ಆಫ್ ಆಗುವುದನ್ನು ಅವರಿಗೆ ತಿಳಿಸುವುದು ಹೊಸ ಕಂಪನಿಯ ಕೆಲಸ. ನಮಗೆ ಬೇರೆ ಕೆಲಸ ಹಚ್ಚಿದರು: ಹೋದವರಿಗೆಲ್ಲ ಫೋನ್ ಮಾಡಿ ವಾಪಸ್ ಬನ್ನಿ ಎಂದು ಗೋಗರೆಯುವುದು.

ನನ್ನ ತಮ್ಮ ಹೊಸ ಕಂಪನಿಯ ಏಜೆಂಟ್. ಅಮ್ಮ ಅವನ ಮನೆಯಲ್ಲಿದ್ದಳು. ತಿಂಗಳ ಗುರಿಗೆ ಒಂದು ಮನೆ ಕಡಿಮೆ ಬಿತ್ತೆಂದು ಮಹಾನುಭಾವ ಅಮ್ಮನ ಸಹಿಯನ್ನೇ ಹಾಕಿಸಿಕೊಂಡ.

"ಫಾರಮ್‌ನಲ್ಲಿ ಯಂತ್ರ ಇದೆ ಅಂತ ಬರೆದ್ಯೇನೋ?" ಎಂದು ಕೇಳಿದೆ.

"ಬರೆದ್ರೆ ಪರಿಶೀಲನೆಗೆ ಎರಡು ವಾರ ಹಿಡಿಯುತ್ತೆ ಅಕ್ಕಾ. ಆಮೇಲೆ ಸೇರಿಸ್ತೀನಿ ಬಿಡು. ನಿನಗೆ ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚು ಇದ್ದದ್ದು ನಿಜ. ಅದಕ್ಕೇ ವಾರಕ್ಕೆರಡು ಸಲ ಕಚೇರಿಯಿಂದ ಫೋನ್ ಮಾಡಿ, "ಗ್ರಾಹಕರೇ, ವಾಪಸ್ ಬರ್ತೀರಾ?" ಎಂದು ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದೆ.

ಆ ಮಂಗಳವಾರ ಬೆಳಗ್ಗೆ ಲೈನ್‌ಮನ್ ಎಂದಿನಂತೆ ಲೈನಿನ ನಂಬರ್ ಹೇಳಿದ. ಪಟ್ಟಿ ನೋಡಿದೆ, ಯಾರೂ ಇರಲಿಲ್ಲ. ಹೂಂ ಅಂದೆ. ಅದು ತಮ್ಮನ ಬೀದಿ ಎಂದು ಹೊಳೆಯುವಷ್ಟರಲ್ಲಿ ಲೈನ್‌ಮನ್ ಲೈನ್ ಆಫ್ ಮಾಡಿ, ಫೋನನ್ನು ಜೀಪಿನಲ್ಲಿಟ್ಟು ಕಂಬ ಹತ್ತಿದ್ದ.

ತಮ್ಮನಿಗೆ ಫೋನ್ ಮಾಡಿದೆ. ಕಚೇರಿಯ ನಂಬರ್ ನೋಡಿ ಕಟ್ ಮಾಡಿದ. ಮತ್ತೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ವಾಪಸ್ ಬರಲ್ಲ ತಾಯೀ, ಕೈ ಮುಗೀತೀನಿ!" ಎಂದು ಇಟ್ಟುಬಿಟ್ಟ. ಅವನ ಪಕ್ಕದಲ್ಲಿ ಯಾರೋ ನಕ್ಕರು. ಮೂರನೆಯ ಸಲ ಸ್ವಿಚ್ ಆಫ್ ಆಗಿತ್ತು. ಮನೆಯಿಂದ ಐದು ನಿಮಿಷದ ದಾರಿಯಲ್ಲಿ, ಹಿಂದಿನ ಬೀದಿಯಲ್ಲಿ, ಯಾರಿಗೋ ಫಾರಮ್ ತುಂಬಿಸುತ್ತಿದ್ದನಂತೆ.

ನಾನು ಎದ್ದೂ ಬಿದ್ದೂ ತಮ್ಮನ ಮನೆಗೆ ಓಡಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿಲಿಂಡರ್ ಗೋಡೆಯ ಹತ್ತಿರವಿತ್ತು, ಅಮ್ಮ ಮಂಚದಿಂದ ಅರ್ಧ ಇಳಿದಿದ್ದಳು.

ಮೂರು ವಾರದ ಮೇಲೆ, ವಾಪಸ್ ಕರೆಯಬೇಕಾದವರ ಹೊಸ ಪಟ್ಟಿಯಲ್ಲಿ ಅಮ್ಮನ ಹೆಸರು ಬಂತು. "ಇದೊಂದು ಬಿಟ್ಬಿಡಮ್ಮ," ಎಂದರು ಸಾಹೇಬರು. ನಾನು ಬಿಡಲಿಲ್ಲ. ಅದೇ ನಂಬರಿನಿಂದ ಫೋನ್ ಮಾಡಿದೆ.

ತಮ್ಮ ಮೊದಲ ರಿಂಗಿಗೇ ಎತ್ತಿಕೊಂಡ. "ಅಕ್ಕಾ..." ಎಂದ.

"ಗ್ರಾಹಕರೇ," ಎಂದೆ, "ವಾಪಸ್ ಬರ್ತೀರಾ?"