ಒದ್ದೆ ಹಗ್ಗದ ಅಳತೆ

ತಮ್ಮ ನೆಲದಲ್ಲಿ ಹರಿಯುವ ಕಾಲುವೆಯನ್ನು ಮುಚ್ಚುವ ಹಕ್ಕು ತಮಗುಂಟೆಂದು ಲೆಕ್ಕದ ಮೇಷ್ಟ್ರು ಮೂರು ದಿನಗಳ ಹಿಂದೆ ಅದಕ್ಕೆ ಕಲ್ಲು ತುಂಬಿದ್ದರು. ಕೆಳಗಿನ ಹೊಲದಲ್ಲಿ, ತೀರಿಹೋದ ತಮ್ಮನ ಹೆಂಡತಿ ನೆಟ್ಟ ಬದನೆ ಸಸಿಗಳು ಬಾಡುತ್ತಿದ್ದವು. ಅವಳು ಜಗಳಕ್ಕೆ ಬರಲಿಲ್ಲ, ಸರ್ವೇಯರನನ್ನು ಕರೆಸಿದಳು.

ಸರ್ವೇಯರ ಮೇಷ್ಟ್ರ ಹಳೆಯ ಶಿಷ್ಯ. ಎರಡು ಸಲ ಅಳೆದು ತಲೆ ಕೆರೆದುಕೊಂಡ.

"ಮೇಷ್ಟ್ರೇ, ಕಾಲುವೆ ನಿಮ್ಮ ನೆಲದಲ್ಲೇ ಇದ್ದಿದ್ದರೂ ಮೂವತ್ತು ವರ್ಷ ಹರಿದ ನೀರನ್ನ ತಡೆಯೋ ಹಕ್ಕು ನಿಮಗಿಲ್ಲ. ಆದರೆ ಅದು ನಿಮ್ಮ ನೆಲವೇ ಅಲ್ಲ. ಪಾಲುಪತ್ರದ ಪ್ರಕಾರ ಗಡಿ ನಿಮ್ಮ ಕಡೆಗೆ ಆರು ಅಡಿ ಸರೀಬೇಕು. ಆವತ್ತು ಅಳೆದ ಪುಣ್ಯಾತ್ಮ ಯಾರು?"

ಮೇಷ್ಟ್ರಿಗೆ ನೆನಪಿತ್ತು. ಪಾಲಾದ ದಿನ ಅಳೆಯುವ ಹಗ್ಗ ಕಾಲುವೆಗೆ ಬಿದ್ದು ನೆನೆದಿತ್ತು. "ಅಣ್ಣ, ಒದ್ದೆ ಹಗ್ಗ ಕುಗ್ಗುತ್ತೆ, ಒಣಗಲಿ," ಎಂದಿದ್ದ ತಮ್ಮ. "ಮಗ್ಗಿ ಬಾರದವನು ನನಗೆ ಹೇಳಿಕೊಡ್ತೀಯಾ?" ಎಂದು ನಾಲ್ಕು ಜನರನ್ನು ನಗಿಸಿ, ಅದೇ ಕುಗ್ಗಿದ ಹಗ್ಗದಿಂದ ತಮ್ಮನ ಪಾಲನ್ನು ಅಳೆದುಕೊಟ್ಟು, ಉಳಿದದ್ದನ್ನು ತಾವು ಇಟ್ಟುಕೊಂಡಿದ್ದರು.

"ನಾನೇ," ಎಂದರು.

ಶಿಷ್ಯ ತಲೆ ತಗ್ಗಿಸಿದ. ಒಂದು ಲೆಕ್ಕ ತಪ್ಪಿದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ಅವರು.

ಮೇಷ್ಟ್ರು ಅಂಗಿಯ ತೋಳು ಮಡಿಸಿ, ಕಾಲುವೆಗಿಳಿದು ಕಲ್ಲು ಕೀಳತೊಡಗಿದರು.

"ಬಿಡಿ ಭಾವ, ಆಳು ಬರ್ತಾನೆ. ಈ ವಯಸ್ಸಲ್ಲಿ ಸೊಂಟ ಹಿಡಿದರೆ ಆ ಪಾಪವೂ ನನ್ನ ತಲೆಗೇ," ಎಂದಳು ಅವಳು.

"ಆಳಿಗೆ ಗಡಿಕಲ್ಲು ಸರಿಸೋಕೆ ಹೇಳಮ್ಮ. ಇವು ನಾನು ತುಂಬಿದ ಕಲ್ಲು."

ನೀರು ಬದನೆ ಸಾಲನ್ನು ಮುಟ್ಟಿದ ಮೇಲೂ ಅವರು ಮುಖ ಎತ್ತಲಿಲ್ಲ.